ಸಪ್ಪಳವೋ, ಮಾತೋ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಗಡಿಭಾಗದ ಕನ್ನಡದ ಅಳಿವು ಉಳಿವಿನ ಬಗೆಗೆ ನಾನು ಬರೆಯಬಹುದೆಂದು ಅವರು ಎಣಿಸಿರಬೇಕು. ಆ ವಿಷಯದಲ್ಲಿ ನನಗಿಂತ ಬಲ್ಲವರು ಈ ಸಂಚಿಕೆಯಲ್ಲಿ ಬರೆದೇ ಬರೆಯುತ್ತಾರೆ. ನಾನು ಬರೆಯಹೊರಟಿರುವುದು ಕಳೆದ ವರ್ಷ ನಮ್ಮ ಮನೆಯಲ್ಲಿ ಎದ್ದ ಒಂದು ಸಣ್ಣ ಪ್ರಶ್ನೆಯನ್ನು ಕುರಿತು. ಹೋಮ್ ಥಿಯೇಟರಿನ ಹಳೆಯ ರಿಸೀವರನ್ನು ತೆಗೆದು ಮೇಲ್ದರ್ಜೆಯ ಹೊಸದನ್ನು ಕೊಳ್ಳಬೇಕೆ, ಬೇಡವೆ? ಐವತ್ತು ವರ್ಷಗಳ ಶಾಲೆಯ ಉತ್ಸವಕ್ಕೂ ಈ ಪ್ರಶ್ನೆಗೂ ಏನು ಸಂಬಂಧವೆಂದು ವಾಚಕರು ಹುಬ್ಬೇರಿಸಬಾರದು. ಬಿಡಿಸುತ್ತ ಹೋದಂತೆ ಆ ಪ್ರಶ್ನೆ ನಮ್ಮ ಶಾಲೆಯ ಬಾಗಿಲಿಗೇ ಬಂದು ನಿಂತಿತು.

ರಿಸೀವರ್ ಎಂಬ ಶಬ್ದ ನಮ್ಮ ತಾಲೂಕಿನ ಮನೆಗಳಿಗೆ ಹೊಸದಲ್ಲ. ರೇಡಿಯೊ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಟಿಕೆಟು ಹಚ್ಚಿಸಿಕೊಂಡು ಬರುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಮರೆತಿರಲಾರರು. ಆ ಪುಸ್ತಕದ ಮೇಲೂ ಇಂಗ್ಲಿಷಿನಲ್ಲಿ ಇದೇ ಶಬ್ದವಿತ್ತು. 1980ರ ದಶಕದಲ್ಲಿ ಆ ಶುಲ್ಕ ರದ್ದಾಯಿತು. ಆಕಾಶವಾಣಿಯ ಧಾರವಾಡ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಸಾಂಗಲಿ ಕೇಂದ್ರ ಆರಂಭವಾದದ್ದು 1963ರಲ್ಲಿ. ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ತಾಲೂಕು ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಅದೇ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂತು. ನಕಾಶೆಯ ಮೇಲೆ ಗೆರೆಗಳು ಹೀಗೆ ಸರಿದಾಡುತ್ತಿದ್ದರೂ ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದ ಸುತ್ತಿನ ಕನ್ನಡ ಮನೆಗಳಲ್ಲಿ ರೇಡಿಯೊದ ಮುಳ್ಳು ಮಾತ್ರ ತನ್ನ ಎರಡು ಜಾಗಗಳನ್ನು ಬಿಟ್ಟು ಕದಲಲಿಲ್ಲ. ಎಡಕ್ಕೆ ತಿರುಗಿಸಿದರೆ 765 ಕಿಲೋಹರ್ಟ್ಸಿನಲ್ಲಿ ಧಾರವಾಡ, ಬಲಕ್ಕೆ ತಿರುಗಿಸಿದರೆ 1251ರಲ್ಲಿ ಸಾಂಗಲಿ. ಪ್ರದೇಶ ಸಮಾಚಾರ ಕನ್ನಡದಲ್ಲಿ, ಪೇಟೆಯ ಧಾರಣೆ ಮರಾಠಿಯಲ್ಲಿ. ಎರಡನ್ನೂ ಒಂದೇ ಪೆಟ್ಟಿಗೆ ಒಂದೇ ನಿಷ್ಠೆಯಿಂದ ನುಡಿಯುತ್ತಿತ್ತು.

ನಮ್ಮ ತಂದೆಯವರು ತಂದ ರೇಡಿಯೊ ಬಹಳ ಸಾಧಾರಣವಾದುದು. ಒಂದೇ ಸ್ಪೀಕರು, ಒಂದೇ ದನಿ. ರಾತ್ರಿಯಾಯಿತೆಂದರೆ ಮಧ್ಯಮ ತರಂಗದಲ್ಲಿ ದೂರದ ನಿಲಯಗಳು ನುಗ್ಗಿ ಬಂದು ಗೊರಗೊರ ಸದ್ದು ಮಾಡುತ್ತಿದ್ದವು. ಆದರೂ ಅದರಲ್ಲಿ ಬಂದ ಮಾತು ಒಂದೂ ತಪ್ಪದೆ ನಮ್ಮ ಅವ್ವನಿಗೆ ತಿಳಿಯುತ್ತಿತ್ತು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ನಾಟಕದ ಪಾತ್ರಗಳ ಜೊತೆಗೆ ವಾದಕ್ಕೆ ಇಳಿಯುತ್ತಿದ್ದಳು. ಓದು ಬಾರದ ಆಕೆಗೆ ಗ್ರಂಥಸ್ಥ ಕನ್ನಡದ ಪರಿಚಯವಾದದ್ದು ಆ ಪೆಟ್ಟಿಗೆಯಿಂದಲೇ. ಮುಂದೆ ಮನೆಗೆ ಟಿ.ವಿ. ಬಂತು, 1994ರಲ್ಲಿ ಉದಯ ಟಿ.ವಿ. ಆರಂಭವಾದ ಮೇಲೆ ಡಿಶ್ ಮುಖಾಂತರ ಕನ್ನಡ ಚಿತ್ರಗಳು ನಮ್ಮೂರಿಗೂ ಇಳಿದುವು. 2013ರಲ್ಲಿ ಹೊಸ ಮನೆ ಕಟ್ಟಿಸಿದಾಗ ಐದು ಸ್ಪೀಕರು, ಒಂದು ಸಬ್‌ವೂಫರು, ಅವನ್ನೆಲ್ಲ ನಡೆಸುವ ಒಂದು ರಿಸೀವರು ನಡುಮನೆಯಲ್ಲಿ ಪ್ರತಿಷ್ಠಾಪಿತವಾದುವು. ಟಿ.ವಿ., ಡಿಶ್ ಪೆಟ್ಟಿಗೆ ಮುಂತಾದುವುಗಳಿಂದ ಬರುವ ಧ್ವನಿಯನ್ನು ಸ್ವೀಕರಿಸಿ, ಯಾವ ಸದ್ದು ಯಾವ ಸ್ಪೀಕರಿಗೆ ಎಷ್ಟು ಹೋಗಬೇಕೆಂದು ಹಂಚಿಕೊಡುವುದು ಅದರ ಕೆಲಸ. ಒಟ್ಟು ಕುಟುಂಬದ ಯಜಮಾನನಿದ್ದಂತೆ ಎನ್ನಬಹುದು.

ಈಗ ಅವ್ವನಿಗೆ ಎಂಬತ್ನಾಲ್ಕು. ಕಳೆದೆರಡು ವರ್ಷಗಳಿಂದ ಆಕೆ ಟಿ.ವಿ.ಯ ಮುಂದೆ ಕುಳಿತರೂ ಕತೆಯೊಳಗೆ ಇರುತ್ತಿರಲಿಲ್ಲ. ಎಲ್ಲರೂ ನಕ್ಕಾಗ ತಾನೂ ನಗುತ್ತಿದ್ದಳು, ಆದರೆ ಒಂದು ಕ್ಷಣ ತಡವಾಗಿ. ನಾನು ದನಿಯನ್ನು ಏರಿಸಿದೆ. ಇನ್ನೂ ಏರಿಸಿದೆ. ಕಿಟಕಿಯ ಗಾಜು ನಡುಗಿತು. ಆಗ ಆಕೆ ಹೇಳಿದ ಮಾತೇ ಈ ಲೇಖನದ ಶೀರ್ಷಿಕೆಗೆ ಕಾರಣ:

“ಯಪ್ಪಾ, ಸಪ್ಪಳೇನೋ ಭಾಳ ಐತಿ. ಮಾತ ತಿಳಿವಲ್ದು.”

ಪುಣೆಯಲ್ಲಿರುವ ಮಗನಿಗೆ ದೂರವಾಣಿಯಲ್ಲಿ ಇದನ್ನು ತಿಳಿಸಿದಾಗ ಆತ, “ಅಪ್ಪಾ, ಆ ರಿಸೀವರ್ ಹಳೇದಾತು. ಆಯಿಗೆ ಕೇಳಸಬೇಕಂದ್ರ ಛಲೋದೊಂದು ತಗೋರಿ, ಅರ್ಧಾ ರೊಕ್ಕ ನಾ ಕೊಡ್ತೀನಿ” ಎಂದ. ಮಗನ ಮಾತಿನಲ್ಲಿ ಅಜ್ಜಿಯ ಮೇಲಿನ ಪ್ರೀತಿಯೇ ಇತ್ತು. ಸಾಂಗಲಿಯ ಒಂದು ಅಂಗಡಿಗೆ ಹೋಗಿ ವಿಚಾರಿಸಿದೆ. ಅವರು ಕತ್ತಲೆಯ ಕೋಣೆಯಲ್ಲಿ ಕೂರಿಸಿ, ತಲೆಯ ಮೇಲಿಂದ ವಿಮಾನ ಹಾರಿಸಿ, ಬೆನ್ನ ಹಿಂದೆ ಮಳೆ ಸುರಿಸಿ ತೋರಿಸಿದರು. ಅದ್ಭುತವೇ ಸರಿ. ಬೆಲೆ ಒಂದು ಲಕ್ಷ ಅರವತ್ತು ಸಾವಿರ. ನಿವೃತ್ತಿವೇತನದಲ್ಲಿ ಬದುಕುವವನಿಗೆ ಅದು ಸಣ್ಣ ಮೊತ್ತವಲ್ಲ, ಆದರೆ ಅವ್ವ ಮತ್ತೆ ಮಾತಿನೊಳಗೆ ಬರುವುದಾದರೆ ದೊಡ್ಡದೂ ಅಲ್ಲ. ಆದ್ದರಿಂದ ಕೊಳ್ಳುವ ಮುನ್ನ, ಆ ಹೆಚ್ಚಿನ ಹಣಕ್ಕೆ ಸಿಗುವುದೇನೆಂದು ಒಂದು ಹಾಳೆಯ ಮೇಲೆ ಬರೆದು ಲೆಕ್ಕ ಹಾಕಿದೆ. ಅದನ್ನು ಇಲ್ಲಿ ಕೊಡುವುದರಿಂದ ಇಂಥದೇ ಯೋಚನೆಯಲ್ಲಿರುವ ಮಿತ್ರರಿಗೆ ಉಪಯೋಗವಾದೀತು.

ಮೊದಲನೆಯದು ಶಕ್ತಿ. ನಮ್ಮ ಹಳೆಯ ಯಂತ್ರ 70 ವ್ಯಾಟಿನದು, ಹೊಸದು 140ರದು. ಎರಡುಪಟ್ಟು ಎಂದರೆ ಎರಡುಪಟ್ಟು ಜೋರೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ವ್ಯಾಟು ಎರಡರಷ್ಟಾದಾಗ ಸದ್ದಿನ ಪ್ರಮಾಣ ಏರುವುದು ಕೇವಲ 3 ಡೆಸಿಬಲ್. ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ಅದಕ್ಕೆ ಹತ್ತುಪಟ್ಟು ವ್ಯಾಟು ಬೇಕು. ಸಾಮಾನ್ಯ ಸ್ಪೀಕರೊಂದು ಒಂದೇ ವ್ಯಾಟಿನಲ್ಲಿ ಒಂದು ಮೀಟರ್ ದೂರದಲ್ಲಿ ಸುಮಾರು 88 ಡೆಸಿಬಲ್ ಸದ್ದು ಮಾಡಬಲ್ಲುದು. ಹದಿನಾಲ್ಕಕ್ಕೆ ಹದಿನೆಂಟು ಅಡಿಯ ನಮ್ಮ ನಡುಮನೆಯಲ್ಲಿ ಮಾತು ಕೇಳಲು ಒಂದೆರಡು ವ್ಯಾಟು ಧಾರಾಳ. ಉಳಿದ ಶಕ್ತಿ ಸಿಡಿಲು, ನಗಾರಿ, ಮದ್ದಿನ ಸದ್ದುಗಳಂಥ ಕ್ಷಣಿಕ ಆರ್ಭಟಗಳಿಗೆ ಮೀಸಲು. ಇನ್ನೊಂದು ಮಾತು: ಪೆಟ್ಟಿಗೆಯ ಮೇಲೆ ಬರೆದ ವ್ಯಾಟು ಹಲವು ವೇಳೆ ಎರಡೇ ಸ್ಪೀಕರುಗಳನ್ನು ನಡೆಸಿ ಅಳೆದದ್ದು. ಎಲ್ಲವನ್ನೂ ಒಟ್ಟಿಗೆ ನಡೆಸಿದಾಗ ಪ್ರತಿಯೊಂದರ ಪಾಲು ಇಳಿಯುತ್ತದೆ.

ಎರಡನೆಯದು ಸ್ಪೀಕರುಗಳ ಸಂಖ್ಯೆ. ಡಾಲ್ಬಿ ಅಟ್ಮೋಸ್ ಎಂಬ ಪದ್ಧತಿ 2012ರಲ್ಲಿ ಚಿತ್ರಮಂದಿರಗಳಿಗೆ, 2014ರಲ್ಲಿ ಮನೆಗಳಿಗೆ ಬಂತು. ಇದರಲ್ಲಿ ಮೇಲ್ಛಾವಣಿಯಿಂದಲೂ ಸದ್ದು ಬರುತ್ತದೆ. ಆದರೆ ಮಾತು? ಹೋಮ್ ಥಿಯೇಟರಿನಲ್ಲಿ ಪಾತ್ರಗಳ ಸಂಭಾಷಣೆ ಬಹುಪಾಲು ಹೊರಡುವುದು ಟಿ.ವಿ.ಗೆ ಹೊಂದಿಕೊಂಡಿರುವ ನಡುವಿನ ಒಂದೇ ಸ್ಪೀಕರಿನಿಂದ. ಸ್ಪೀಕರುಗಳು ಐದಾಗಲಿ ಹನ್ನೊಂದಾಗಲಿ, ಆ ನಡುವಿನದು ಒಂದೇ. ಅವ್ವನಿಗೆ ಪ್ರಿಯವಾದ 1970ರ ದಶಕದ ಕನ್ನಡ ಚಿತ್ರಗಳಂತೂ ಬಹುತೇಕ ಒಂದೇ ಧ್ವನಿಪಥದವು. ಅವುಗಳಿಗೆ ತಲೆಯ ಮೇಲಿನ ಸ್ಪೀಕರಿನಿಂದ ಆಗಬೇಕಾದದ್ದು ಏನೂ ಇಲ್ಲ.

ಮೂರನೆಯದು ಚಿತ್ರದ ಜೋಡಣೆ. ಹೊಸ ಯಂತ್ರಗಳಲ್ಲಿ ಎಚ್‌ಡಿಎಂಐ 2.1 ಎಂಬ ಬಗೆಯ ಜೋಡಣೆ ಇರುತ್ತದೆ. ಎಂಟು ಕೆ ಚಿತ್ರ, ಅತಿವೇಗದ ವಿಡಿಯೊ ಆಟಗಳು ಇವುಗಳಿಗೆ ಅದು ಅವಶ್ಯ. ನಮ್ಮ ಮನೆಯಲ್ಲಿ ಎರಡೂ ಇಲ್ಲ. ಚಿತ್ರವನ್ನು ನೇರವಾಗಿ ಟಿ.ವಿ.ಗೆ ಕೊಟ್ಟು, ಧ್ವನಿಯನ್ನಷ್ಟೇ ಟಿ.ವಿ.ಯಿಂದ ಹಳೆಯ ರಿಸೀವರಿಗೆ ತರುವ ಮಾರ್ಗ ಮೊದಲಿನಿಂದಲೂ ಇದೆ.

ನಾಲ್ಕನೆಯದು ಕೋಣೆಯ ತಿದ್ದುವಿಕೆ. ಇದು ನಿಜಕ್ಕೂ ತೂಕದ ಅಂಶ. ಕೂರುವ ಸ್ಥಳದಲ್ಲಿ ಸಣ್ಣ ಮೈಕು ಇಟ್ಟರೆ ಯಂತ್ರವು ತಾನೇ ಕೂಗಿ, ತಾನೇ ಕೇಳಿ, ಗೋಡೆಗಳಿಂದಾಗುವ ಏರುಪೇರನ್ನು ಅಳೆದು ಸರಿಪಡಿಸುತ್ತದೆ. ದುಬಾರಿ ಯಂತ್ರಗಳು ಇದನ್ನು ಹೆಚ್ಚು ಸೂಕ್ಷ್ಮವಾಗಿ ಮಾಡುತ್ತವೆ, ಮುಖ್ಯವಾಗಿ ಸಬ್‌ವೂಫರಿನ ಗುಡುಗನ್ನು ಹದಕ್ಕೆ ತರುವಲ್ಲಿ. ಆದರೆ ಪ್ರತಿಧ್ವನಿ ತುಂಬಿದ ಕೋಣೆಯನ್ನು ಯಾವ ಯಂತ್ರವೂ ಪೂರ್ತಿ ಗೆಲ್ಲಲಾರದು. ನಮ್ಮ ಹಳೆಯ ಮಾಳಿಗೆ ಮನೆಯಲ್ಲಿ ಕಟ್ಟಿಗೆಯ ಜಂತಿ, ಮೂಲೆಗೆ ಒಟ್ಟಿದ ಜೋಳದ ಚೀಲಗಳು, ಗಳದ ಮೇಲೆ ಹಾಕಿದ ಕೌದಿಗಳು ಇದ್ದುವು. ಅವು ಸದ್ದನ್ನು ಹೀರಿಕೊಳ್ಳುತ್ತಿದ್ದುದರಿಂದ ರೇಡಿಯೊದ ಒಂಟಿ ಸ್ಪೀಕರೂ ಸ್ಫುಟವಾಗಿ ಮಾತನಾಡುತ್ತಿತ್ತು. ಹೊಸ ಮನೆಯಲ್ಲಿ ನಯಗೊಳಿಸಿದ ಫರಸಿ, ಸಿಮೆಂಟಿನ ಸ್ಲ್ಯಾಬು, ಗಾಜಿನ ಕಪಾಟು. ಆಡಿದ ಮಾತು ನಾಲ್ಕು ಕಡೆ ಬಡಿದು ತನ್ನ ಬಾಲವನ್ನೇ ತಾನು ತುಳಿಯುತ್ತದೆ.

ಲೆಕ್ಕ ಇಲ್ಲಿಗೆ ಬಂದ ಮೇಲೆ, ಹಣ ಖರ್ಚಿಲ್ಲದ ಕೆಲಸಗಳನ್ನು ಮೊದಲು ಮಾಡಿ ನೋಡುವುದೆಂದು ನಿರ್ಧರಿಸಿದೆ. ಕಪಾಟಿನ ಕೆಳಖಾನೆಯಲ್ಲಿದ್ದ ನಡುವಿನ ಸ್ಪೀಕರನ್ನು ಅಂಚಿನವರೆಗೆ ಮುಂದೆ ಎಳೆದು, ಅದರ ಮುಖ ಕುಳಿತವರ ಕಿವಿಯ ಕಡೆಗೆ ಎತ್ತಿದಂತೆ ಮುಂಭಾಗದಡಿಯಲ್ಲಿ ಕಟ್ಟಿಗೆಯ ತುಂಡು ಕೊಟ್ಟೆ. ಅದರ ಮಟ್ಟವನ್ನು 3 ಡೆಸಿಬಲ್ ಏರಿಸಿ ಸಬ್‌ವೂಫರನ್ನು ಇಳಿಸಿದೆ. ಪಿಸುಮಾತಿಗೂ ಆರ್ಭಟಕ್ಕೂ ಇರುವ ಅಂತರವನ್ನು ಕುಗ್ಗಿಸುವ ರಾತ್ರಿ ವೇಳೆಯ ಅನುಕೂಲವನ್ನು ಚಾಲೂ ಮಾಡಿದೆ. ಫರಸಿಯ ಮೇಲೆ ಜಮಖಾನೆ ಹಾಸಿ, ಅವ್ವ ಹೊಲಿದ ಎರಡು ಕೌದಿಗಳನ್ನು ಎದುರುಗೋಡೆಗೆ ಇಳಿಬಿಟ್ಟೆ. ಮನೆಗೆ ಬಂದವರು ಒಣಗಹಾಕಿದ್ದೀರೇನೆಂದು ಕೇಳುತ್ತಾರೆ. ಇರಲಿ.

ಇದರ ಫಲವನ್ನು ಅಳೆಯುವುದು ಹೇಗೆ? “ಈಗ ಕೇಳತೈತೇನು?” ಎಂದರೆ ಅವ್ವ ನನ್ನ ಮನಸ್ಸು ನೋಯಬಾರದೆಂದು “ಹೂಂ” ಎನ್ನುವವಳು. ಆಗ ನೆನಪಾದದ್ದು ನಮ್ಮ ಶಾಲೆಯ ಉಕ್ತಲೇಖನ. ನಾನು ಓದಿದ ಆರಂಭದ ವರ್ಷಗಳಲ್ಲಿ ಕನ್ನಡ ಕಲಿಸುತ್ತಿದ್ದ ಗುರುಗಳು ಬಾಲಭಾರತಿಯ ಕನ್ನಡ ಪುಸ್ತಕ ಹಿಡಿದು ದಿನಕ್ಕೆ ಹತ್ತು ಶಬ್ದ ಬರೆಸುತ್ತಿದ್ದರು. ಪುಣೆಯಲ್ಲಿ 1967ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ಮರಾಠಿಯ ಜೊತೆಗೆ ಕನ್ನಡದಲ್ಲೂ ಪಠ್ಯಪುಸ್ತಕ ಪ್ರಕಟಿಸಿದ್ದರಿಂದಲೇ ನಮ್ಮಂಥವರಿಗೆ ಮಹಾರಾಷ್ಟ್ರದಲ್ಲಿದ್ದೂ ಕನ್ನಡದಲ್ಲಿ ಓದುವ ಭಾಗ್ಯ ದೊರೆಯಿತು. ಗುರುಗಳು ಎಂದೂ ದನಿ ಏರಿಸಿದವರಲ್ಲ. ಹಿಂದಿನ ಸಾಲಿನವನು “ಕೇಳಸಲಿಲ್ಲರೀ ಸರ್” ಎಂದರೆ ನಾಲ್ಕು ಹೆಜ್ಜೆ ನಡೆದು ವರ್ಗದ ನಡುವೆ ಬಂದು ನಿಂತು, ಅದೇ ದನಿಯಲ್ಲಿ ಅದೇ ಶಬ್ದವನ್ನು ಬಿಡಿಸಿ ಹೇಳುತ್ತಿದ್ದರು. ಶಬ್ದ ಮುಟ್ಟಿತೋ ಇಲ್ಲವೋ ಎಂಬುದಕ್ಕೆ ಪಾಟಿಯೇ ಸಾಕ್ಷಿ.

ದೀಪಾವಳಿಯ ರಜೆಗೆ ಬಂದ ಮೊಮ್ಮಗಳಿಂದ ಹತ್ತು ಶಬ್ದಗಳನ್ನು ಮೊಬೈಲಿನಲ್ಲಿ ಓದಿಸಿ, ಅದನ್ನು ರಿಸೀವರಿನ ಮೂಲಕ ನುಡಿಸಿದೆ. ಅವ್ವ ಕೇಳಿ ಮರುನುಡಿಯಬೇಕು. ಕಾಲು, ಹಾಲು, ಸಾಲು, ಪಾಲು ಮುಂತಾದ ಶಬ್ದಗಳು. ಹಳೆಯ ವ್ಯವಸ್ಥೆಯಲ್ಲಿ ಹತ್ತಕ್ಕೆ ನಾಲ್ಕು ಸರಿಯಾದುವು. ಬದಲಾವಣೆಗಳಾದ ಮೇಲೆ ಬೇರೆ ಹತ್ತರಲ್ಲಿ ಆರು. ಏರಿಕೆ ನಿಜ, ಆದರೆ ಉಳಿದ ನಾಲ್ಕು ಎಲ್ಲಿ ಹೋದುವು? ತಪ್ಪಿದುವೆಲ್ಲ ಒಂದೇ ಬಗೆಯವು. ಶಬ್ದದ ಮೊದಲ ವ್ಯಂಜನ ಕಳೆದು ‘ಆಲು’ ಮಾತ್ರ ಅವ್ವನನ್ನು ಮುಟ್ಟುತ್ತಿತ್ತು.

ಮೀರಜಿನ ಒಬ್ಬ ಶ್ರವಣ ತಜ್ಞರು ಇದರ ಕಾರಣವನ್ನು ಗೆರೆ ಎಳೆದು ತೋರಿಸಿದರು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಆವರ್ತನಗಳ ಸದ್ದುಗಳನ್ನು. ಸ್ವರಗಳ ಬಲವೆಲ್ಲ ಕೆಳಗಿನ ಆವರ್ತನಗಳಲ್ಲಿರುತ್ತದೆ. ಸಕಾರ, ಶಕಾರ, ತಕಾರದಂಥ ವ್ಯಂಜನಗಳ ಗುರುತು ಇರುವುದು ಮೇಲೆ, ಅದೂ ಕ್ಷೀಣವಾಗಿ. ಆದ್ದರಿಂದ ಯಾರೋ ಮಾತನಾಡುತ್ತಿದ್ದಾರೆಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಒಟ್ಟು ದನಿಯನ್ನು ಏರಿಸಿದರೆ ಸ್ವರ ಇನ್ನಷ್ಟು ಜೋರಾಗಿ ವ್ಯಂಜನವನ್ನು ಮುಚ್ಚಿಬಿಡುತ್ತದೆ. ಅವ್ವ ಒಂದೇ ವಾಕ್ಯದಲ್ಲಿ ಹೇಳಿದ್ದೂ ಇದನ್ನೇ ಅಲ್ಲವೆ?

ಅದೇ ಮೀರಜಿನಲ್ಲಿ ತಲೆಮಾರುಗಳಿಂದ ಸಿತಾರ, ತಂಬೂರಿ ಮಾಡುವ ಕುಶಲಿಗಳಿದ್ದಾರೆ. ಅವರ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ತಂಬೂರಿಯ ನಾದ ಮುಚ್ಚಿಕೊಂಡಿದ್ದರೆ ಅವರು ತಂತಿಗಳನ್ನು ಹೆಚ್ಚಿಸುವುದಿಲ್ಲ, ಜೋರಾಗಿ ಮೀಟುವುದಿಲ್ಲ. ಕುದುರೆಯ ಮೇಲ್ಮೈಯನ್ನು ನವಿರಾಗಿ ತೀಡಿ, ತಂತಿಯ ಕೆಳಗೆ ಒಂದು ಎಳೆ ದಾರವನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಜವಾರಿ ತೆರೆದುಕೊಳ್ಳುತ್ತದೆ. ಶ್ರವಣ ತಜ್ಞರು ಅವ್ವನ ಎರಡೂ ಕಿವಿಗೆ ಕೊಟ್ಟ ಯಂತ್ರವೂ ಅಂಥದೇ ಕೆಲಸ ಮಾಡುತ್ತದೆ. ಎಲ್ಲವನ್ನೂ ಏರಿಸದೆ, ಕಳೆದುಹೋದ ಭಾಗವನ್ನಷ್ಟೇ ಏರಿಸುತ್ತದೆ. ಅದಕ್ಕೆ ತಗುಲಿದ ವೆಚ್ಚ ಆ ಮೇಲ್ದರ್ಜೆಯ ರಿಸೀವರಿನ ಬೆಲೆಯ ಅರ್ಧಕ್ಕಿಂತಲೂ ಕಡಿಮೆ. ಮೊದಲ ಕೆಲವು ವಾರ ಪಾತ್ರೆಯ ಸದ್ದು, ಫ್ಯಾನಿನ ಸದ್ದು ಹಿಂಸೆಯೆಂದು ಅವ್ವ ಅದನ್ನು ತೆಗೆತೆಗೆದು ಇಟ್ಟಳು. ರೂಢಿಯಾದ ಮೇಲೆ ಉಕ್ತಲೇಖನದಲ್ಲಿ ಹತ್ತಕ್ಕೆ ಒಂಬತ್ತು ಬಂದುವು. ಹಿನ್ನೆಲೆ ಸಂಗೀತದಲ್ಲಿ ಮಾತು ಮುಳುಗಿಸುವ ಈಚಿನ ಕೆಲವು ಚಿತ್ರಗಳು ಇಂದಿಗೂ ಆಕೆಗೆ ಪೂರ್ತಿ ತಿಳಿಯುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ತಿಳಿಯುವುದಿಲ್ಲ.

ಈ ಪರೀಕ್ಷೆಗಳ ನಡುವೆ ನಾವು ಯಾರೂ ಎದುರುನೋಡದ ಒಂದು ಸಂಗತಿ ನಡೆಯಿತು. ಮೊಮ್ಮಗಳು ಪುಣೆಯಲ್ಲಿ ಇಂಗ್ಲಿಷ್ ಶಾಲೆಗೆ ಹೋಗುವವಳು. ಆಟ ಮರಾಠಿಯಲ್ಲಿ, ಓದು ಇಂಗ್ಲಿಷಿನಲ್ಲಿ. ಕನ್ನಡ ತಿಳಿಯುತ್ತದೆ, ನಾಲಿಗೆ ಹೊರಳುವುದಿಲ್ಲ. ಆಕೆ ಓದಿದ ‘ಕೊಡ’ ಎಂಬುದು ‘ಕೋಡ’ ಎಂದಾಗಿತ್ತು. ಮರಾಠಿಯಲ್ಲಿ ನಮ್ಮ ಹಾಗೆ ಎಕಾರ ಒಕಾರಗಳಿಗೆ ಹ್ರಸ್ವ ದೀರ್ಘಗಳ ಭೇದವಿಲ್ಲ. ಕಿವಿ ಮಂದವಾದ ಅವ್ವ ಆ ತಪ್ಪನ್ನು ಒಡನೆ ಹಿಡಿದಳು, ಏಕೆಂದರೆ ಸ್ವರಗಳು ಆಕೆಗೆ ಚೆನ್ನಾಗಿಯೇ ಕೇಳುತ್ತವೆ.

“ಕೋಡ ಅಲ್ಲವ್ವಾ, ಕೊಡ. ಕೋಡ ಎತ್ತಿಗಿರ್ತಾವ, ಕೊಡ ನೀರಿಗೆ.”

ಹುಡುಗಿ ನಕ್ಕು, ತಿದ್ದಿಕೊಂಡು, ಮತ್ತೆ ಓದಿದಳು. ಅಜ್ಜಿಯ ಕಿವಿಯ ಪರೀಕ್ಷೆ ಮೊಮ್ಮಗಳ ನಾಲಿಗೆಯ ಪಾಠವಾಯಿತು. ರಜೆ ಮುಗಿಯುವ ಹೊತ್ತಿಗೆ ಇಬ್ಬರೂ ನಮ್ಮನ್ನು ಹೊರಗಿಟ್ಟು ತಾವೇ ಶಬ್ದಗಳನ್ನು ಆರಿಸಿಕೊಳ್ಳುತ್ತಿದ್ದರು. ಒಂದು ಲಕ್ಷ ಅರವತ್ತು ಸಾವಿರದ ಯಾವ ಯಂತ್ರದ ವಿವರಪಟ್ಟಿಯಲ್ಲಿಯೂ ಈ ಅನುಕೂಲ ನಮೂದಾಗಿರಲಿಲ್ಲ.

ಹೀಗೆ ರಿಸೀವರನ್ನು ಬದಲಿಸುವುದು ಬೇಡವೆಂದು ತೀರ್ಮಾನವಾಯಿತು. ಮೇಲ್ದರ್ಜೆಯ ಯಂತ್ರ ನಿರರ್ಥಕವೆಂದು ನನ್ನ ಅಭಿಪ್ರಾಯವಲ್ಲ. ಕೋಣೆ ದೊಡ್ಡದಿದ್ದು, ಸ್ಪೀಕರುಗಳು ಹೆಚ್ಚು ಶಕ್ತಿ ಬೇಡುವಂಥವಾಗಿದ್ದರೆ, ಚಿತ್ರಮಂದಿರದ ಅನುಭವವೇ ಬೇಕೆಂಬ ಆಸೆಯಿದ್ದರೆ, ಅಥವಾ ಹಳೆಯ ಯಂತ್ರದ ಜೋಡಣೆಗಳು ಹೊಸ ಸಲಕರಣೆಗಳಿಗೆ ಹೊಂದದಿದ್ದರೆ ಅವಶ್ಯವಾಗಿ ಕೊಳ್ಳಬೇಕು. ಸಂಗೀತಪ್ರಿಯರಿಗೆ ಅದರಿಂದ ಸಿಗುವ ಸುಖವೂ ಸುಳ್ಳಲ್ಲ. ಆದರೆ ಕೊಳ್ಳುವ ಮೊದಲು ‘ಯಾರಿಗೆ, ಏನು ಕೇಳಿಸಬೇಕಾಗಿದೆ?’ ಎಂಬ ಪ್ರಶ್ನೆಯನ್ನು ಹಾಕಿಕೊಂಡರೆ ಹಣ ಹೋಗಬೇಕಾದ ಕಡೆಗೆ ಹೋಗುತ್ತದೆ.

ಈಗ ಶಾಲೆಯ ಮಾತು. ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ಸಭಾಗೃಹಕ್ಕೆ ಧ್ವನಿವರ್ಧಕ ವ್ಯವಸ್ಥೆಯನ್ನು ಒದಗಿಸುವ ವಿಚಾರ ಹಳೆಯ ವಿದ್ಯಾರ್ಥಿಗಳಲ್ಲಿ ನಡೆದಿದೆ. ಮಗ ಕೊಡಲೊಪ್ಪಿದ ಅರ್ಧ ಹಣವನ್ನು ಆತನ ಸಮ್ಮತಿಯಿಂದಲೇ ಅದಕ್ಕೆ ಸಲ್ಲಿಸುತ್ತಿದ್ದೇನೆ. ಜೊತೆಗೆ ಒಂದು ವಿನಂತಿ. ಮಾರಾಟಗಾರರು ಬಂದು ಸಭಾಗೃಹ ಅದುರುವಂತೆ ಹಾಡು ಹಾಕಿ ತೋರಿಸಿದಾಗ ಮರುಳಾಗಬಾರದು. ಐದನೆಯ ಇಯತ್ತೆಯ ಮಕ್ಕಳನ್ನು ಸಭಾಗೃಹದ ಕೊನೆಯ ಸಾಲಿನಲ್ಲಿ ಕೂರಿಸಿ, ವೇದಿಕೆಯಿಂದ ಕನ್ನಡ ಶಿಕ್ಷಕರೊಬ್ಬರು ಸಹಜವಾದ ದನಿಯಲ್ಲಿ ಹತ್ತು ಶಬ್ದಗಳ ಉಕ್ತಲೇಖನ ಕೊಡಲಿ. ಧನ, ದನ, ಕೊಡ, ಕೋಡು, ಸಾಲು, ಶಾಲು ಇಂಥವು ಅದರಲ್ಲಿರಲಿ. ಯಾವ ವ್ಯವಸ್ಥೆಯಲ್ಲಿ ಮಕ್ಕಳು ಹೆಚ್ಚು ಸರಿ ಬರೆಯುತ್ತಾರೋ ಅದನ್ನೇ ಕೊಳ್ಳೋಣ. ಗೋಡೆಗಳಿಗೆ ದಪ್ಪ ಪರದೆಗಳನ್ನು ಹಾಕಲು ಒಂದಿಷ್ಟು ಹಣ ಉಳಿಸಿಕೊಳ್ಳೋಣ.

ಅಂಗಡಿಯ ಫಲಕವೂ, ಬಸ್ಸಿನ ಹಲಗೆಯೂ, ಕಚೇರಿಯ ಅರ್ಜಿಯೂ ಬೇರೊಂದು ಭಾಷೆಯಲ್ಲಿರುವ ಈ ನಾಡಿನಲ್ಲಿ ಅನೇಕ ಮಕ್ಕಳಿಗೆ ಶುದ್ಧವಾದ ಕನ್ನಡ ಶಬ್ದವೊಂದು ಪೂರ್ತಿಯಾಗಿ, ವ್ಯಂಜನ ಸ್ವರ ಸಮೇತ, ಕಿವಿಗೆ ಬೀಳುವ ಸ್ಥಳ ನಮ್ಮ ಶಾಲೆಯೊಂದೇ. ಅಲ್ಲಿ ಅದು ಕೊನೆಯ ಸಾಲಿನ ಮಗುವಿನವರೆಗೆ ಮುಟ್ಟಬೇಕು. ಐವತ್ತು ವರ್ಷ ಈ ಕೆಲಸವನ್ನು ಯಾವ ಯಂತ್ರವೂ ಇಲ್ಲದೆ, ವರ್ಗದ ನಡುವೆ ಬಂದು ನಿಂತು ನಡೆಸಿಕೊಟ್ಟ ಗುರುವೃಂದಕ್ಕೆ ನಮಸ್ಕರಿಸಿ, ಶಾಲೆಯು ಶತಮಾನೋತ್ಸವವನ್ನು ಕಾಣಲೆಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.